ತರಗು ಬೆಂಕಿ ಬಲ್ಲವರ ಕಾಡು

ಬೇಸಿಗೆ ಬಂದರೆ ಬಿಳಿಗಿರಿರಂಗನ ಬೆಟ್ಟದಲ್ಲಿ ಹೊಗೆ ಎದ್ದೀತೇ ಎಂದು ತಪ್ಪಲಿನ ಮಾಂಬಳ್ಳಿಯೂ ಕಣ್ಣಿಟ್ಟು ಕಾಯುತ್ತದೆ. 1974ರಲ್ಲಿ ಕಾಡಿನ ಉಸಾಬರಿಯಿಂದ ಹೊರಗಿಟ್ಟ, ಈ ಬೆಟ್ಟದ ಬುಡಕಟ್ಟಿನವರಾದ ಸೋಲಿಗರಿಗೆ 2011ರಲ್ಲಿ ಹಕ್ಕುಪತ್ರ ಸಿಕ್ಕಿತು. ಬೆಂಕಿ, ಲಂಟಾನ, ನೆಲ್ಲಿಕಾಯಿ... ಇವುಗಳ ತೀರ್ಮಾನದಲ್ಲಿ ಅವರ ಮಾತು ನಡೆಯುವುದು ಯಾವಾಗ?

ಶಿವರಾತ್ರಿ ಹತ್ತಿರವಾಗುತ್ತಿದೆ. ಮಾಂಬಳ್ಳಿಯ ಬಯಲಿನಲ್ಲಿ ಕಬ್ಬಿನ ಗದ್ದೆ ಇನ್ನೂ ಹಸಿರು. ತೆಂಗಿನ ಸಾಲಿನ ಆಚೆ ಬೆಟ್ಟ ಮಾತ್ರ ಕಂದುಬಣ್ಣಕ್ಕೆ ತಿರುಗಿದೆ. ಮಧ್ಯಾಹ್ನದ ಗಾಳಿ ಬಿಸಿಯಾಗಿದೆ. ಟೀ ಅಂಗಡಿಯ ಮುಂದೆ ನಿಂತವರಲ್ಲಿ ಒಬ್ಬರು ಕೈಯನ್ನು ಹುಬ್ಬಿಗೆ ಅಡ್ಡ ಹಿಡಿದು ಬೆಟ್ಟದ ಕಡೆ ನೋಡುತ್ತಾರೆ. ಅದು ಮೋಡವೋ ಹೊಗೆಯೋ?

ಹೊಗೆಯೇ ಆಗಿದ್ದರೆ ಮುಂದಿನ ಅರ್ಧ ಗಂಟೆಯಲ್ಲಿ ಫೋನುಗಳು ರಿಂಗಣಿಸುತ್ತವೆ. ಗುಂಬಳ್ಳಿ ಚೆಕ್‌ಪೋಸ್ಟ್ ದಾಟಿ ಜೀಪು ಏರುತ್ತದೆ. ಹಸಿಸೊಪ್ಪಿನ ಕೊಂಬೆ ಹಿಡಿದ ಫೈರ್ ವಾಚರ್‌ಗಳು ಬೆಂಕಿಯ ಅಂಚಿಗೆ ಓಡುತ್ತಾರೆ. ಸೊಪ್ಪಿನಿಂದ ಬಡಿಯುವುದು, ತರಗು ಗುಡಿಸಿ ನೆಲ ಬರಿದು ಮಾಡುವುದು, ಎದುರು ಬೆಂಕಿ ಕೊಡುವುದು, ಇದಿಷ್ಟೇ ಅವರ ಆಯುಧ. ಆ ಓಟದಲ್ಲಿ ಮುಂದಿರುವವರು ಬಹುಪಾಲು ಸೋಲಿಗರು. ಯಾವ ಇಳಿಜಾರಿನಲ್ಲಿ ಗಾಳಿ ಯಾವ ಹೊತ್ತಿಗೆ ತಿರುಗುತ್ತದೆ, ಯಾವ ಹಳ್ಳದಲ್ಲಿ ಬೆಂಕಿ ತಾನಾಗಿ ನಿಲ್ಲುತ್ತದೆ ಎಂಬುದು ಅವರಿಗೆ ನಕ್ಷೆ ನೋಡದೆ ಗೊತ್ತು.

ಇದೇ ಸೋಲಿಗರ ಅಜ್ಜ–ಮುತ್ತಜ್ಜರು ಇದೇ ಕಾಡಿಗೆ ಪ್ರತಿ ವರ್ಷ ತಾವೇ ಬೆಂಕಿ ಕೊಡುತ್ತಿದ್ದರು. ಅವರ ಕಣ್ಣಿಗೆ ಅದು ಅಪರಾಧ ಆಗಿರಲಿಲ್ಲ. ಕಾಡು ನೋಡಿಕೊಳ್ಳುವ ಕೆಲಸಗಳಲ್ಲಿ ಅದೂ ಒಂದಾಗಿತ್ತು.

ಮೊಣಕಾಲೆತ್ತರದ ಬೆಂಕಿ

ಸೋಲಿಗರು ಅದನ್ನು ತರಗು ಬೆಂಕಿ ಎನ್ನುತ್ತಾರೆ. ಬೇಸಿಗೆಯ ಮೊದಲ ದಿನಗಳಲ್ಲಿ, ಉದುರಿದ ಎಲೆ ಒಣಗಿ ನೆಲದ ತೇವ ಇನ್ನೂ ಆರದಿರುವಾಗ ಕೊಡುವ ಬೆಂಕಿ ಅದು. ಮೇಲಿನ ತರಗಷ್ಟೇ ಉರಿಯುತ್ತದೆ. ಜ್ವಾಲೆ ಮೊಣಕಾಲು ದಾಟುವುದಿಲ್ಲ, ದೊಡ್ಡ ಮರದ ತೊಗಟೆ ಕಪ್ಪಾಗುತ್ತದೆಯೇ ಹೊರತು ಮರ ಸಾಯುವುದಿಲ್ಲ. ಮೊದಲ ಮಳೆ ಬಿದ್ದೊಡನೆ ಆ ಜಾಗದಲ್ಲಿ ಹುಲ್ಲು ಚಿಗುರುತ್ತದೆ; ಕಡವೆ, ಜಿಂಕೆ, ಕಾಟಿ ಮೇಯಲು ಬರುತ್ತವೆ. ಉಣ್ಣೆಯ ಕಾಟ ಕಡಿಮೆಯಾಗುತ್ತದೆ. ಕಳೆಗಿಡದ ಮೊಳಕೆ ಸುಟ್ಟುಹೋಗುತ್ತದೆ. ಕಣ್ಣು ಹಾಯುವಷ್ಟು ದೂರ ಕಾಡು ತೆರೆದುಕೊಳ್ಳುವುದರಿಂದ ಆನೆ ಎದುರಾದರೆ ಮೊದಲೇ ಕಾಣುತ್ತದೆ.

ಬಿಳಿಗಿರಿರಂಗನ ಬೆಟ್ಟ ಸಾಮಾನ್ಯ ಬೆಟ್ಟವಲ್ಲ. ಪಶ್ಚಿಮ ಘಟ್ಟ ಮತ್ತು ಪೂರ್ವ ಘಟ್ಟಗಳ ನಡುವೆ ಸೇತುವೆಯಾಗಿ ನಿಂತ ಸಾಲು ಇದು. ತಪ್ಪಲಿನ 600 ಮೀಟರ್ ಎತ್ತರದಿಂದ 1800 ಮೀಟರ್‌ವರೆಗೆ ಏರುತ್ತ ಹೋದರೆ ಕುರುಚಲು ಕಾಡು, ಎಲೆ ಉದುರುವ ಕಾಡು, ಹುಲ್ಲುಗಾವಲು, ಶೋಲಾ ಎಲ್ಲವೂ ಒಂದೇ ದಿನದ ದಾರಿಯಲ್ಲಿ ಸಿಗುತ್ತವೆ. ಇಷ್ಟು ಬಗೆಯ ಕಾಡಿಗೆ ಒಂದೇ ನಿಯಮ ಹೊಂದುವುದು ಕಷ್ಟ. ಸೋಲಿಗರ ಬೆಂಕಿಯೂ ಎಲ್ಲ ಕಡೆ ಬೀಳುತ್ತಿರಲಿಲ್ಲ. ಎಲ್ಲಿ, ಯಾವಾಗ, ಎಷ್ಟು ಎಂಬ ಲೆಕ್ಕ ಅದರೊಳಗಿತ್ತು.

1974ರಲ್ಲಿ ಇಲ್ಲಿ ವನ್ಯಜೀವಿಧಾಮ ಘೋಷಣೆಯಾಯಿತು. ಕಡಿದು ಸುಟ್ಟು ಬಿತ್ತುವ ಬೇಸಾಯ ನಿಂತಿತು. ಕಾಡಿನೊಳಗೆ ಅಲ್ಲಲ್ಲಿ ಇದ್ದ ಪೋಡುಗಳ, ಅಂದರೆ ಸೋಲಿಗರ ಹಾಡಿಗಳ, ಜನರನ್ನು ರಸ್ತೆಬದಿಯ, ಅಂಚಿನ ವಸತಿಗಳಿಗೆ ತಂದು ಕೂರಿಸಿದರು. ಬೇಟೆ ನಿಂತಿತು, ಅದು ನಿಲ್ಲಬೇಕಾಗಿದ್ದೇ. ತರಗು ಬೆಂಕಿಯೂ ನಿಂತಿತು. ಕಾಡು ಕಾಪಾಡಲು ಇದು ಬೇಕು ಎಂದು ಆಗ ನಂಬಿದವರ ಉದ್ದೇಶದಲ್ಲಿ ನನಗೆ ಅನುಮಾನವಿಲ್ಲ. ಆದರೆ ಕಾಡಿನ ಒಳಹೊರಗು ಬಲ್ಲವರನ್ನು ಒಂದು ಮಾತೂ ಕೇಳದೆ ಆದ ತೀರ್ಮಾನ ಅದು. ಅದರ ಫಲ ಕಾಣಲು ಎರಡು ದಶಕ ಹಿಡಿಯಿತು.

---
ಬಿಆರ್‌ಟಿ: ಒಂದು ನೋಟ

ಪೂರ್ಣ ಹೆಸರು: ಬಿಳಿಗಿರಿ ರಂಗನಾಥಸ್ವಾಮಿ ದೇವಸ್ಥಾನ ಹುಲಿ ಮೀಸಲು ಪ್ರದೇಶ

ವನ್ಯಜೀವಿಧಾಮ: 1974. ವಿಸ್ತರಣೆ: 1987, ಸುಮಾರು 540 ಚದರ ಕಿ.ಮೀ.

ಹುಲಿ ಮೀಸಲು: 2011ರ ಜನವರಿ. ಒಟ್ಟು ಸುಮಾರು 575 ಚದರ ಕಿ.ಮೀ., ಅದರಲ್ಲಿ ಕೋರ್ ಭಾಗ ಸುಮಾರು 359

ದಾರಿ: ಮಾಂಬಳ್ಳಿ, ಯಳಂದೂರು, ಗುಂಬಳ್ಳಿ. ಯಳಂದೂರಿನಿಂದ ಬೆಟ್ಟಕ್ಕೆ ಸುಮಾರು 24 ಕಿ.ಮೀ.

---

ಉದ್ಯಾನದಿಂದ ಓಡಿಬಂದ ಗಿಡ

ಲಂಟಾನ ನಮ್ಮ ಕಾಡಿನದಲ್ಲ. ಅಮೆರಿಕದ ಉಷ್ಣವಲಯದಿಂದ ಇನ್ನೂರು ವರ್ಷಗಳ ಹಿಂದೆ ಅಂದದ ಹೂಗಿಡವೆಂದು ಭಾರತದ ಉದ್ಯಾನಗಳಿಗೆ ಬಂತು. ಬಂಗಲೆಗಳ ಬೇಲಿಯಾಯಿತು. ಅದರ ಪುಟ್ಟ ಕಪ್ಪು ಹಣ್ಣು ತಿಂದ ಹಕ್ಕಿಗಳು ಬೀಜವನ್ನು ಕಾಡಿಗೆ ಒಯ್ದವು. ನಗರದ ಉದ್ಯಾನಕ್ಕೂ ದೂರದ ಕಾಡಿಗೂ ಏನು ಸಂಬಂಧ ಎಂದು ಕೇಳುವವರಿಗೆ ಲಂಟಾನ ಒಂದೇ ಸಾಕು.

ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು ಬಿಆರ್‌ಟಿಯಲ್ಲಿ 1997ರಲ್ಲಿ ಗುರುತಿಸಿದ ತಾಕುಗಳನ್ನೇ 2008ರಲ್ಲಿ ಮತ್ತೆ ಅಳೆದರು. ಮೊದಲ ಸಲ ಶೇಕಡ 41ರಷ್ಟು ತಾಕುಗಳಲ್ಲಿದ್ದ ಲಂಟಾನ ಎರಡನೇ ಸಲ ಶೇಕಡ 81ರಷ್ಟು ತಾಕುಗಳಲ್ಲಿತ್ತು. ಹನ್ನೊಂದು ವರ್ಷದಲ್ಲಿ ದುಪ್ಪಟ್ಟು.

ಲಂಟಾನದ ಪೊದೆ ಬೆಳೆದ ಕಡೆ ಹುಲ್ಲು ಇಲ್ಲ. ಹುಲ್ಲಿಲ್ಲದ ಕಡೆ ಜಿಂಕೆ, ಕಾಟಿಗಳಿಗೆ ಮೇವಿಲ್ಲ. ಮರದ ಸಸಿ ಮೇಲೇಳಲು ಬೆಳಕಿಲ್ಲ. ಆಳೆತ್ತರದ ಆ ಪೊದೆ ಬೇಸಿಗೆಯಲ್ಲಿ ಒಣಗಿ ನಿಂತಾಗ ನೆಲದ ಕಿಡಿಯನ್ನು ನೇರ ಮರದ ನೆತ್ತಿಗೆ ಏರಿಸುವ ಏಣಿಯಾಗುತ್ತದೆ. ಮೊಣಕಾಲೆತ್ತರದ ಬೆಂಕಿಯನ್ನು ನಿಲ್ಲಿಸಿದ ಕಾಡಿಗೆ ಮರದೆತ್ತರದ ಬೆಂಕಿಯ ಭಯ ಬಂದದ್ದು ಹೀಗೆ.

ಪೋಡಿನ ಹಿರಿಯರನ್ನು ಕೇಳಿದರೆ ಅವರು ಇದನ್ನು ಒಂದೇ ಸರಪಳಿಯಾಗಿ ಹೇಳುತ್ತಾರೆ: ತರಗು ಬೆಂಕಿ ನಿಂತಿತು, ಲಂಟಾನ ಹಬ್ಬಿತು, ಲಂಟಾನ ಹಬ್ಬಿದ ಮೇಲೆ ಬಂದ ಬೆಂಕಿ ಕಾಡನ್ನೇ ತಿಂದಿತು. ವಿಜ್ಞಾನಿಗಳೆಲ್ಲ ಇದನ್ನು ಒಪ್ಪುವುದಿಲ್ಲ. ಪದೇ ಪದೇ ಬೆಂಕಿ ಬಿದ್ದರೆ ಮರದ ಸಸಿಗಳೂ ಸಾಯುತ್ತವೆ ಎಂಬುದು ಅವರ ವಾದ, ಅದರಲ್ಲಿ ಹುರುಳಿದೆ. ಆದರೆ ಸೋಲಿಗರ ವಿವರಣೆಯನ್ನು ಗಂಭೀರವಾಗಿ ಎತ್ತಿಕೊಂಡು ಅಧ್ಯಯನ ಮಾಡಿದವರು ಅದರಲ್ಲಿ ತಾವು ಕಾಣದಿದ್ದ ಕೊಂಡಿಗಳನ್ನು ಕಂಡರು. ಇವತ್ತಿನ ಲಂಟಾನ ತುಂಬಿದ ಕಾಡಿಗೆ ಹಾಗೇ ಬೆಂಕಿ ಕೊಟ್ಟರೆ ಅನಾಹುತ ಎಂಬುದನ್ನು ಸೋಲಿಗರೂ ಬಲ್ಲರು. ಮೊದಲು ಲಂಟಾನ ಕೀಳಬೇಕು, ಆಮೇಲೆ ತರಗು ಬೆಂಕಿಯ ಮಾತು.

ಕೀಳುವುದೂ ಸುಲಭದ ಕೆಲಸವಲ್ಲ. ಕತ್ತಿಯಿಂದ ಮೇಲೆ ಕಡಿದರೆ ಬುಡದಿಂದ ಹತ್ತು ಕವಲು ಒಡೆಯುತ್ತವೆ. ನೆಲದ ಮಟ್ಟದ ಕೆಳಗೆ ಬೇರನ್ನು ಕಡಿದು, ಗಿಡವನ್ನು ತಲೆಕೆಳಗಾಗಿ ಒಣಗಲು ಬಿಡಬೇಕು. ಮಣ್ಣಿನಲ್ಲಿ ಉಳಿದ ಬೀಜ ಮೊಳೆಯುವುದರಿಂದ ಮರುವರ್ಷ, ಅದರ ಮರುವರ್ಷವೂ ಅದೇ ಜಾಗಕ್ಕೆ ಬರಬೇಕು. ಒಂದು ಬಜೆಟ್ ವರ್ಷದಲ್ಲಿ ಮುಗಿಯುವ ಗುತ್ತಿಗೆ ಕೆಲಸ ಅದಲ್ಲ. ಅದೇ ಜಾಗದಲ್ಲಿ ಬದುಕುವವರು ಮಾಡಬಹುದಾದ ಕೆಲಸ. ಹನೂರು ಕಡೆಯ ಮಲೆ ಮಹದೇಶ್ವರ ಬೆಟ್ಟದಲ್ಲಿ ಏಟ್ರೀ ನೆರವಿನಿಂದ ಲಂಟಾನ ಕಡ್ಡಿಯನ್ನು ಬೇಯಿಸಿ, ತೊಗಟೆ ಸುಲಿದು, ಬಿದಿರಿನ ಬದಲು ಕುರ್ಚಿ, ಬುಟ್ಟಿ ಮಾಡುವುದನ್ನು ಕಲಿತ ಕುಟುಂಬಗಳಿವೆ. ಕಾಡಿನ ಲಂಟಾನವನ್ನೆಲ್ಲ ಕುರ್ಚಿ ಮಾಡಿ ಮುಗಿಸಲು ಆಗುವುದಿಲ್ಲ. ಆದರೆ ಕಳೆ ಕೀಳುವ ಕೈಗೆ ಅದರಿಂದ ನಾಲ್ಕು ಕಾಸು ಸಿಗುತ್ತದೆ.

ನೆಲ್ಲಿಮರದ ಮೇಲಿನ ಬಂದಳಿಕೆ

ನೆಲ್ಲಿಕಾಯಿಯ ಕತೆ ಇನ್ನೂ ಸ್ವಾರಸ್ಯದ್ದು. ಇದನ್ನು ತುಸು ನಿಧಾನವಾಗಿ ಹೇಳಬೇಕು.

ಬೇಸಾಯ ನಿಂತ ಮೇಲೆ ಸೋಲಿಗರ ಕೈಗೆ ಉಳಿದದ್ದು ಕೂಲಿ ಮತ್ತು ಕಿರು ಅರಣ್ಯ ಉತ್ಪನ್ನ. ಜೇನು, ನೆಲ್ಲಿಕಾಯಿ, ಪಾಚಿ, ಸೀಗೆಕಾಯಿ, ಅಳಲೆಕಾಯಿ, ಪೊರಕೆಹುಲ್ಲು, ಮಾಗಳಿ ಬೇರು. ಇವನ್ನು ಕೊಳ್ಳಲು ಲ್ಯಾಂಪ್ಸ್ ಎಂಬ ಗಿರಿಜನರ ಸಹಕಾರ ಸಂಘಗಳು ಬಂದವು. 1981ರಲ್ಲಿ ಡಾ. ಎಚ್. ಸುದರ್ಶನ್ ಬೆಟ್ಟದಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದರು. ಆಸ್ಪತ್ರೆ, ಶಾಲೆಗಳ ಜೊತೆ ಸೋಲಿಗರ ಸಂಘಟನೆಯೂ ಅಲ್ಲಿ ಬೆಳೆಯಿತು. 1990ರ ದಶಕದಲ್ಲಿ ಕೇಂದ್ರವೂ ಸಂಶೋಧಕರೂ ಕೂಡಿ ಜೇನು ಮತ್ತು ನೆಲ್ಲಿ ಉಪ್ಪಿನಕಾಯಿಯ ಸಂಸ್ಕರಣೆಗೆ ಕೈಹಾಕಿದರು. ಹಣ್ಣು ಕೊಯ್ಯುವವರೇ ಮರದ ಮೇಲಿನ ಫಸಲು ಅಂದಾಜಿಸಿ, ಕೊಯ್ದದ್ದೆಷ್ಟು, ಮರದ ಕೆಳಗೆ ಸಸಿ ಎಷ್ಟು ಎಂದು ಗುರುತು ಹಾಕಿಕೊಳ್ಳುವ ಪದ್ಧತಿ ಶುರುವಾಯಿತು.

ಆಗ ಕಾಡಿನ ಹೊರಗಿದ್ದ ಅನುಮಾನ ಒಂದೇ: ಇಷ್ಟು ನೆಲ್ಲಿಕಾಯಿ ಕೊಯ್ದರೆ ನೆಲ್ಲಿಮರದ ಸಂತತಿ ಉಳಿದೀತೇ? ಜಿಂಕೆಗಳಿಗೇನು ಉಳಿದೀತು?

ವರ್ಷಗಟ್ಟಲೆ ಅಳೆದ ಮೇಲೆ ಸಿಕ್ಕ ಉತ್ತರ ಬೇರೆಯೇ ಆಗಿತ್ತು. ನೆಲ್ಲಿಗೆ ಹಣ್ಣು ಕೊಯ್ಲಿಗಿಂತ ದೊಡ್ಡ ಕಂಟಕಗಳು ಎರಡು. ಒಂದು ಲಂಟಾನ, ಅದರ ಅಡಿ ನೆಲ್ಲಿಯ ಸಸಿ ಏಳುವುದಿಲ್ಲ. ಇನ್ನೊಂದು ಬಂದಳಿಕೆ, ಸೋಲಿಗರ ಮಾತಿನಲ್ಲಿ ಉಪ್ಪಿಲು. ಹಕ್ಕಿ ತಂದ ಬೀಜ ನೆಲ್ಲಿಯ ಕೊಂಬೆಯ ಮೇಲೆ ಮೊಳೆತು, ಕೊಂಬೆಯ ರಸ ಕುಡಿದು ಬೆಳೆಯುತ್ತದೆ. ಬಂದಳಿಕೆ ತುಂಬಿದ ಮರ ಕಾಯಿ ಬಿಡುವುದು ಕಡಿಮೆಯಾಗಿ ಕೊನೆಗೆ ಒಣಗುತ್ತದೆ. ತರಗು ಬೆಂಕಿಯ ಬಿಸಿ ಮತ್ತು ಹೊಗೆ ಬಂದಳಿಕೆಯನ್ನು ಹತೋಟಿಯಲ್ಲಿ ಇಟ್ಟಿತ್ತು, ಬಂದಳಿಕೆ ಹತ್ತಿದ ಕೊಂಬೆಯನ್ನು ತಾವೂ ಕಡಿಯುತ್ತಿದ್ದೆವು ಎಂಬುದು ಸೋಲಿಗರ ವಿವರಣೆ. ಕೊಯ್ಯುವವರು ಕಾಡಿಗೆ ಹೋಗುವುದು ನಿಂತರೆ ಆ ಕೊಂಬೆ ಕಡಿಯುವ ಕೈಯೂ ಇಲ್ಲವಾಗುತ್ತದೆ.

ಆದದ್ದೂ ಅದೇ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ಬಂದ ತಿದ್ದುಪಡಿಯ ಬೆನ್ನಿಗೆ, ಆ ದಶಕದ ಮಧ್ಯದಲ್ಲಿ ಬಿಆರ್‌ಟಿಯಲ್ಲಿ ಕಿರು ಉತ್ಪನ್ನಗಳನ್ನು ಮಾರಾಟಕ್ಕೆ ತೆಗೆಯುವುದನ್ನು ನಿಷೇಧಿಸಲಾಯಿತು. ಪೋಡುಗಳ ಆದಾಯದ ದೊಡ್ಡ ಪಾಲು ಒಂದೇ ಏಟಿಗೆ ಹೋಯಿತು. ಯುವಕರು ಕೂಲಿಗೆಂದು ಬೆಟ್ಟ ಇಳಿದರು. ಕೊಯ್ಲಿನ ಕಾಲದಲ್ಲಿ ಕಾಡಿನ ಮೂಲೆಮೂಲೆಯಲ್ಲಿ ಇರುತ್ತಿದ್ದ ನೂರಾರು ಜೋಡಿ ಕಣ್ಣುಗಳು ಕಾಡಿನಿಂದ ಹೊರಬಿದ್ದವು.

ಕಾಡನ್ನು ಬಳಸುವುದೆಂದರೆ ಬರಿದು ಮಾಡುವುದು ಎಂಬ ಗ್ರಹಿಕೆ ಪಟ್ಟಣದಲ್ಲಿ ಕೂತವರಲ್ಲಿ ಗಟ್ಟಿಯಾಗಿದೆ. ಆದರೆ ನೂರೆ ಗೆಣಸು ಅಗೆಯುವ ಸೋಲಿಗ ಬಳ್ಳಿಯ ಬುಡವನ್ನೂ ಗೆಡ್ಡೆಯ ಒಂದು ತುಂಡನ್ನೂ ಮತ್ತೆ ಗುಂಡಿಗೆ ಇಟ್ಟು ಮಣ್ಣು ಮುಚ್ಚುತ್ತಾನೆ, ಮುಂದಿನ ವರ್ಷಕ್ಕೆ. ಹೆಜ್ಜೇನಿನ ಹಲ್ಲೆಯನ್ನು ಪೂರ್ತಿ ಕೀಳುವುದಿಲ್ಲ, ಹುಳುವಿನ ಪಾಲು ಬಿಡುತ್ತಾನೆ. ಇದು ಸರ್ಕಾರದ ಯಾವ ಸುತ್ತೋಲೆಯಲ್ಲೂ ಬಂದದ್ದಲ್ಲ.

2011ರ ಗಾಂಧಿ ಜಯಂತಿ

2011ರ ಜನವರಿಯಲ್ಲಿ ಬಿಆರ್‌ಟಿ ಹುಲಿ ಮೀಸಲು ಪ್ರದೇಶವಾಯಿತು. ಪೋಡುಗಳಲ್ಲಿ ಆತಂಕ ಹಬ್ಬಿತು. ಮತ್ತೊಮ್ಮೆ ಎತ್ತಂಗಡಿಯೇ?

ಅಷ್ಟರಲ್ಲಿ ದೇಶದಲ್ಲಿ ಅರಣ್ಯ ಹಕ್ಕು ಕಾಯ್ದೆ ಬಂದಿತ್ತು. 2006ರಲ್ಲಿ ಸಂಸತ್ತು ಅಂಗೀಕರಿಸಿದ ಆ ಕಾಯ್ದೆ, ಬುಡಕಟ್ಟಿನವರಿಗೆ ಆದ ಚಾರಿತ್ರಿಕ ಅನ್ಯಾಯವನ್ನು ಸರಿಪಡಿಸಲೆಂದೇ ತಾನು ಬಂದಿರುವುದಾಗಿ ತನ್ನ ಪೀಠಿಕೆಯಲ್ಲೇ ಹೇಳಿಕೊಂಡಿದೆ. ಸೋಲಿಗರ ಸಂಘಗಳು ಪೋಡು ಪೋಡಿನಲ್ಲಿ ಗ್ರಾಮಸಭೆ ಸೇರಿಸಿ ಅರ್ಜಿ ಬರೆದವು. ತಮ್ಮ ಕಾಡಿನ ಎಲ್ಲೆಯನ್ನು ತಾವೇ ನಡೆದು ಗುರುತಿಸಿದವು. 2011ರ ಅಕ್ಟೋಬರ್ 2ರಂದು 25 ಗ್ರಾಮಸಭೆಗಳಿಗೆ ಸಾಮುದಾಯಿಕ ಅರಣ್ಯ ಹಕ್ಕುಪತ್ರ ಸಿಕ್ಕಿತು. ಹುಲಿ ಮೀಸಲು ಪ್ರದೇಶದೊಳಗೆ ಇಂಥ ಹಕ್ಕು ದೇಶದಲ್ಲಿ ಸಿಕ್ಕಿದ್ದು ಇದೇ ಮೊದಲು ಎಂದು ಆಗ ವರದಿಯಾಯಿತು.

ಆ ಗೆಲುವಿಗೆ ಒಂದು ನಕ್ಷೆಯೂ ನೆರವಾಗಿತ್ತು. ಅದರ ಕತೆ ನನಗೆ ತುಂಬ ಇಷ್ಟ.

ಇಲಾಖೆಯ ನಕ್ಷೆಯಲ್ಲಿ ಕಾಡೆಂದರೆ ವಲಯ, ಬೀಟು, ಕಂಪಾರ್ಟ್‌ಮೆಂಟ್ ನಂಬರು. ಸೋಲಿಗರಿಗೆ ಕಾಡೆಂದರೆ ಎಲ್ಲೆಗಳು. ಪ್ರತಿ ಕುಲಕ್ಕೂ ತನ್ನವೇ ಎಲ್ಲೆಗಳು, ಆ ಎಲ್ಲೆಗಳೊಳಗೆ ಅದರ ದೈವಗಳು. ಸೋಲಿಗ ಸಮುದಾಯದವರೇ ಆದ ಡಾ. ಸಿ. ಮಾದೇಗೌಡ ಮತ್ತು ಏಟ್ರೀಯ ಸಂಶೋಧಕರು ಹಿರಿಯರೊಡನೆ ಕಾಡು ಸುತ್ತಿ ಈ ಜಾಗಗಳನ್ನೆಲ್ಲ ಜಿಪಿಎಸ್ ಹಿಡಿದು ಗುರುತಿಸಿದರು. ನಿರ್ಜನ ಅರಣ್ಯ ಎಂದು ಬಣ್ಣ ಬಳಿದಿದ್ದ ನಕ್ಷೆಯ ಮೇಲೆ ನೂರಾರು ಹೆಸರುಗಳು ಎದ್ದು ಬಂದವು. ಯಾವ ಗುಡ್ಡಕ್ಕೂ ಹೆಸರಿಲ್ಲದೆ ಇರಲಿಲ್ಲ, ಯಾವ ಹೆಸರಿಗೂ ಕತೆ ಇಲ್ಲದೆ ಇರಲಿಲ್ಲ.

---
ಸೋಲಿಗರ ನಕ್ಷೆಯ ಐದು ಗುರುತು

ದೇವರು: ಕುಲದ ದೈವದ ನೆಲೆ

ಮಾರಮ್ಮ: ಅಮ್ಮನ ಜಾಗ

ವೀರು: ಬೆಂಕಿಗೆ, ವೀರರಿಗೆ ಸಂಬಂಧಿಸಿದ ನೆಲೆ

ಕಲ್ಲುಗುಡಿ: ಸತ್ತ ಹಿರಿಯರ ನೆನಪಿನ ಕಲ್ಲುಗಳು

ಅಬ್ಬಿ: ನೀರಿನ ಸೆಲೆ

ಬಿಳಿಗಿರಿಯ ರಂಗನಾಥ ಸೋಲಿಗರ ಹುಡುಗಿ ಕುಸುಮಾಲೆಯನ್ನು ಮದುವೆಯಾದ ಎಂಬುದು ಐತಿಹ್ಯ. ಹಾಗಾಗಿ ಬೆಟ್ಟದ ದೇವರು ಸೋಲಿಗರಿಗೆ ಭಾವ. ಭಾರ್ಗವಿ ಹಳ್ಳದ ದಂಡೆಯ ದೊಡ್ಡ ಸಂಪಿಗೆ ಮರ ಅವರ ಪೂಜೆಯ ದೊಡ್ಡ ನೆಲೆಗಳಲ್ಲಿ ಒಂದು.

---

ಕಾಡಿಗೆ ಬೆಲೆ ಕಟ್ಟುವುದು ಹೇಗೆ ಎಂದು ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕುತ್ತಾರೆ: ಇಷ್ಟು ಟನ್ ಇಂಗಾಲ, ಇಷ್ಟು ಲೀಟರ್ ನೀರು. ಆ ಲೆಕ್ಕವೂ ಬೇಕು. ಆದರೆ ಅಜ್ಜನ ಕಲ್ಲು ನಿಂತಿರುವ, ಭಾವನ ಮನೆಯಿರುವ ಕಾಡನ್ನು ಕಾಯುವ ಮನಸ್ಸಿಗೆ ಆ ಲೆಕ್ಕ ಎಟಕುವುದಿಲ್ಲ. ಸೋಲಿಗರ ಗೊರುಕನ ಹಾಡಿಗೆ ಹೆಜ್ಜೆ ಹಾಕುತ್ತ ಕಾಡಿನ ಗಿಡಮರ, ಪ್ರಾಣಿಪಕ್ಷಿಗಳ ಹೆಸರು ಕಲಿಯುವ ಮಗುವಿಗೆ ಕಾಡು ಮೊದಲು ನೆಂಟ, ಆಮೇಲೆ ಸಂಪನ್ಮೂಲ.

ಹಕ್ಕುಪತ್ರ ಬಂದ ಮೇಲೆ ಹುಲಿಗಳು ಏನಾದವು? ಪತ್ರಿಕೆಗಳಲ್ಲಿ ಬಂದ ಸರ್ಕಾರಿ ಅಂಕಿಗಳ ಪ್ರಕಾರ 2010ರಲ್ಲಿ 35 ಇದ್ದ ಹುಲಿಗಳು 2014ರ ಹೊತ್ತಿಗೆ 68 ಆಗಿದ್ದವು. ಹುಲಿ ಹೆಚ್ಚಿದ್ದು ಸೋಲಿಗರಿಂದಲೇ ಎಂದು ಇದರಿಂದ ಹೇಳಲಾಗದು. ಎಣಿಕೆಯ ಕ್ರಮ ಬದಲಾಗುತ್ತದೆ, ಹುಲಿಗಳು ಕಾಡಿನಿಂದ ಕಾಡಿಗೆ ಓಡಾಡುತ್ತವೆ, ಕಾವಲು ಶಿಬಿರಗಳ ದುಡಿಮೆಯೂ ಅದರಲ್ಲಿದೆ. ಆದರೆ ಜನ ಇದ್ದರೆ ಹುಲಿ ಉಳಿಯುವುದಿಲ್ಲ ಎಂಬ ಮಾತು ಬಿಳಿಗಿರಿಯಲ್ಲಿ ನಿಲ್ಲಲಿಲ್ಲ.

ಪತ್ರ ಬಂತು, ಪಾಲು ಬರಲಿಲ್ಲ

ಹಕ್ಕುಪತ್ರದಲ್ಲಿ ಏನೇನಿದೆ ಎಂದು ಓದಿದರೆ ಹಿಗ್ಗಬೇಕು. ಕಿರು ಉತ್ಪನ್ನದ ಒಡೆತನ, ಅದನ್ನು ಸಂಗ್ರಹಿಸಿ ಮಾರುವ ಹಕ್ಕು, ಮೇವು, ಮೀನು, ದೈವದ ಜಾಗಗಳಿಗೆ ಹೋಗಿಬರುವ ಹಕ್ಕು. ಇವೆಲ್ಲಕ್ಕಿಂತ ದೊಡ್ಡದು, ತಮ್ಮ ಸಾಮುದಾಯಿಕ ಕಾಡನ್ನು ಕಾಪಾಡುವ, ಮರುಹುಟ್ಟಿಸುವ, ನಿರ್ವಹಿಸುವ ಹಕ್ಕು. ಕಾಯ್ದೆ ಗ್ರಾಮಸಭೆಗೆ ಅಧಿಕಾರವನ್ನೂ ಕೊಟ್ಟಿದೆ, ಹೊಣೆಯನ್ನೂ ಹೊರಿಸಿದೆ. ಕಾಡು ಕಾಯಲು ಸಮಿತಿ ಮಾಡಿಕೊಳ್ಳಬೇಕು, ಅದು ನಿರ್ವಹಣಾ ಯೋಜನೆ ಬರೆಯಬೇಕು, ಆ ಯೋಜನೆಯನ್ನು ಅರಣ್ಯ ಇಲಾಖೆಯ ಯೋಜನೆಯೊಂದಿಗೆ ಹೊಂದಿಸಬೇಕು.

ತೊಡಕು ಇರುವುದು ಈ ಕೊನೆಯ ಮಾತಿನಲ್ಲಿ. ಹುಲಿ ಮೀಸಲಿನ ಯೋಜನೆ ಬರೆಯುವುದು ಇಲಾಖೆ, ಹಣ ಬರುವುದು ಇಲಾಖೆಗೆ. ಬೆಂಕಿ ರೇಖೆ ಎಲ್ಲಿ ಎಳೆಯಬೇಕು, ಯಾವ ತಾಕಿನ ಲಂಟಾನ ಮೊದಲು ಕೀಳಬೇಕು ಎಂಬ ತೀರ್ಮಾನದಲ್ಲಿ ಪೋಡಿನವರಿಗೆ ಸಾಮಾನ್ಯವಾಗಿ ಸಿಗುವುದು ದಿನಗೂಲಿಯ ಜಾಗ. ಅದೇ ಸೋಲಿಗ ವಾಚರ್ ಆಗಿ ಬೆಂಕಿ ಆರಿಸಿದರೆ ಇಲಾಖೆಯವನು. ಬೆಂಕಿಯ ಬಗ್ಗೆ ಮಾತಾಡಿದರೆ ಬರೀ ಪೋಡಿನವನು. ಇದು ತಪ್ಪು. ಕಾನೂನಿನ ಮಾತಿನಲ್ಲೂ ತಪ್ಪು, ಕಾಡಿನ ಹಿತದ ಮಾತಿನಲ್ಲೂ ತಪ್ಪು.

ಇಲಾಖೆಯ ಗಾರ್ಡುಗಳ ಕಷ್ಟ ಕಡಿಮೆಯದಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಮಳೆಯಲ್ಲಿ ಕಳ್ಳಬೇಟೆ ತಡೆ ಶಿಬಿರದಲ್ಲಿ ವಾರಗಟ್ಟಲೆ ಇರುವವರು, ಆನೆಯೆದುರು ನಿಲ್ಲುವವರು ಅವರು. ಅವರಿಗೂ ಪೋಡಿಗೂ ಹಗೆಯಿಲ್ಲ; ಎಷ್ಟೋ ಕಡೆ ಒಂದೇ ಮನೆಯವರು. ಬದಲಾಗಬೇಕಾದದ್ದು ಯೋಜನೆ ಬರೆಯುವ ಮೇಜು.

ಹೂಗ್ಯಂನಲ್ಲಿ ಸತ್ತ ಐದು ಹುಲಿ

ಕಾಡಿಗೂ ಅದರ ಅಂಚಿನ ಜನಕ್ಕೂ ಇರುವ ನಂಟು ಹರಿದರೆ ಏನಾಗುತ್ತದೆ ಎಂಬುದನ್ನು ಪಕ್ಕದ ಹನೂರು ತಾಲ್ಲೂಕು 2025ರ ಜೂನ್‌ನಲ್ಲಿ ಕಂಡಿತು. ಮಲೆ ಮಹದೇಶ್ವರ ವನ್ಯಜೀವಿಧಾಮದ ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿ ಮತ್ತು ಅದರ ನಾಲ್ಕು ಮರಿಗಳು ಸತ್ತು ಬಿದ್ದಿದ್ದವು. ಹುಲಿ ಕೊಂದಿದ್ದ ಹಸುವಿನ ಕಳೇಬರಕ್ಕೆ ವಿಷ ಬೆರೆಸಲಾಗಿತ್ತು.

ಸುದ್ದಿ ಓದಿದ ದಿನ ಊಟ ಸೇರಲಿಲ್ಲ. ಹುಲಿಯ ಮೇಲೆ ಕೂತು ಮಲೆ ತಿರುಗಿದ ಮಾದಪ್ಪನ, ಅಂದರೆ ಮಹದೇಶ್ವರನ, ಸೀಮೆ ಅದು.

ಅಪರಾಧಕ್ಕೆ ಕ್ಷಮೆಯಿಲ್ಲ. ಆದರೆ ಅದರ ಸುತ್ತ ಹೊರಬಿದ್ದ ಸಂಗತಿಗಳನ್ನೂ ನೋಡಬೇಕು. ಕಾವಲಿನ ಹೊರಗುತ್ತಿಗೆ ಸಿಬ್ಬಂದಿಗೆ ತಿಂಗಳುಗಟ್ಟಲೆ ಸಂಬಳ ಆಗಿರಲಿಲ್ಲ ಎಂದು ವರದಿಯಾಯಿತು. ದೊಡ್ಡಿಗಳಲ್ಲಿ ದನ ಕಟ್ಟಿ, ಕಾಡಿನಲ್ಲಿ ಮೇಯಿಸಿ ಬದುಕುವುದು ಈ ಬೆಟ್ಟಗಳ ಹಳೆಯ ಕಸುಬು. ಆಲಂಬಾಡಿ, ಬರಗೂರು ತಳಿಗಳು ಬೆಳೆದದ್ದೇ ಹೀಗೆ. ಸಾವಿನ ಬಳಿಕ ಕಾಡಿನಲ್ಲಿ ಮೇಯಿಸುವುದನ್ನೇ ತಡೆಯುವ ಸೂಚನೆ ಬಂತು, ರೈತರು ಬೀದಿಗಿಳಿದರು. ಒಂದು ಕಡೆ ಐದು ಹುಲಿ ಹೋದವು, ಇನ್ನೊಂದು ಕಡೆ ಮಾತುಕತೆಯ ಬಾಗಿಲು ಇನ್ನಷ್ಟು ಮುಚ್ಚಿತು. ಹುಲಿ ಹಸು ಹಿಡಿದ ವಾರದೊಳಗೆ ಪರಿಹಾರದ ಹಣ ದೊಡ್ಡಿಗೆ ತಲುಪುವ ವ್ಯವಸ್ಥೆಯೂ, ಎಲ್ಲಿ ಎಷ್ಟು ದನ ಮೇಯಬಹುದೆಂದು ಊರಿನವರೊಡನೆ ಕೂತು ಮಾಡಿದ ಕರಾರೂ ಇದ್ದರೆ ಯಾವ ಹುಲಿಯೂ ಸಾಯುವುದಿಲ್ಲ ಎನ್ನಲಾರೆ. ಆದರೆ ವಿಷದ ಬಾಟಲಿಗೆ ಕೈ ಹೋಗುವ ಮೊದಲು ಹೋಗಲು ಇನ್ನೊಂದು ಕಡೆ ಇರುತ್ತಿತ್ತು.

ನಗರದವರ ಜಗಳವೂ ಇದೇ

ಬೆಂಗಳೂರಿನ ತುರಹಳ್ಳಿ ಕಾಡಿನಲ್ಲಿ 2021ರ ಆರಂಭದಲ್ಲಿ ಅರಣ್ಯ ಇಲಾಖೆ ವೃಕ್ಷೋದ್ಯಾನ ಮಾಡಲು ಹೊರಟಿತು. ಸುತ್ತಲಿನ ನಿವಾಸಿಗಳು, ಓಟಗಾರರು, ಸೈಕಲ್ ಸವಾರರು, ಹಕ್ಕಿ ನೋಡುವವರು ಸಾಲುಗಟ್ಟಿ ನಿಂತು ಬೇಡವೆಂದರು. ಯೋಜನೆ ನಿಂತಿತು. ಅವರು ಕೇಳಿದ್ದು ಚಂದದ ಪಾರ್ಕನ್ನಲ್ಲ. ಬಂಡೆ, ಕುರುಚಲು, ಹುಲ್ಲು ಇರುವ ಕಾಡನ್ನು ಕಾಡಾಗಿಯೇ ಬಿಡಿ ಎಂದು.

ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಯದು ಇನ್ನೊಂದು ಬಗೆ. ಒಣಗಿ ಕಸದ ಗುಂಡಿಯಾಗುತ್ತಿದ್ದ ಕೆರೆಗಾಗಿ ಅಕ್ಕಪಕ್ಕದ ನಿವಾಸಿಗಳು ಟ್ರಸ್ಟ್ ಕಟ್ಟಿಕೊಂಡು, 2011ರಲ್ಲಿ ಪಾಲಿಕೆಯೊಡನೆ ನಿರ್ವಹಣೆಯ ಒಪ್ಪಂದ ಮಾಡಿಕೊಂಡರು. ಗಿಡ ನೆಡುವುದು, ಕಳೆ ತೆಗೆಯುವುದು, ಹಕ್ಕಿ ಎಣಿಸುವುದು, ಕೊಳಚೆ ನೀರು ನುಗ್ಗಿದಾಗ ಕಚೇರಿಗಳ ಬಾಗಿಲು ಬಡಿಯುವುದು, ಎಲ್ಲವೂ ಅವರ ಪಾಲಿಗೆ ಬಂತು.

ತುರಹಳ್ಳಿಯ ಓಟಗಾರನಿಗೂ ಯರಕನಗದ್ದೆ ಪೋಡಿನ ಜೇನು ಕೀಳುವವನಿಗೂ ಅಜಗಜಾಂತರ. ಒಬ್ಬನಿಗೆ ಹಸಿರೆಂದರೆ ಬೆಳಗಿನ ಉಸಿರು, ಇನ್ನೊಬ್ಬನಿಗೆ ಅನ್ನ, ದೈವ, ಹಿರಿಯರ ನೆಲೆ. ಓಟಗಾರನ ಮಾತಿಗೆ ಟಿ.ವಿ. ಕ್ಯಾಮೆರಾ ಬರುತ್ತದೆ, ಪೋಡಿನ ಗ್ರಾಮಸಭೆಯ ನಿರ್ಣಯ ಕಡತದಲ್ಲಿ ಕೂರುತ್ತದೆ. ಆದರೂ ಇಬ್ಬರ ಬೇಡಿಕೆ ಒಂದೇ: ಈ ಜಾಗದ ಬಗ್ಗೆ ತೀರ್ಮಾನಿಸುವ ಮುನ್ನ ನಮ್ಮನ್ನು ಕೇಳಿ. ಹಾಗೆ ಕೇಳಬೇಕೆಂದು ಪೋಡಿನವನ ಪರ ಸಂಸತ್ತಿನ ಕಾಯ್ದೆಯೇ ಹೇಳಿದೆ. ತುರಹಳ್ಳಿಯ ಓಟಗಾರನಿಗೆ ಅಂಥ ಕಾಯ್ದೆಯ ಬಲವಿಲ್ಲ. ಆದರೂ ಗೆದ್ದವನು ಅವನು.

---
ಕಣಜಕ್ಕೆ ಸೋಲಿಗರ ಹೆಸರು

ಬಿಆರ್‌ಟಿ ಕಾಡಿನಲ್ಲಿ ಸಿಕ್ಕ ಕಣಜದ ಹೊಸ ಕುಲವೊಂದಕ್ಕೆ ಏಟ್ರೀಯ ಕೀಟ ವಿಜ್ಞಾನಿಗಳು ಸೋಲಿಗರ ಹೆಸರನ್ನೇ ಇಟ್ಟಿದ್ದಾರೆ: ಸೋಲಿಗ ಎಕರಿನಾಟ. ಕಾಡು ಉಳಿಸಿದವರಿಗೆ ಸಲ್ಲಿಸಿದ ಗೌರವ ಅದು.

---

ಮಾಂಬಳ್ಳಿಗೇನು ಪಾಲು?

ಬೆಟ್ಟ ಸೋಲಿಗರದು, ಇಲಾಖೆಯದು, ದೇವರದು. ಬಯಲಿನ ನಮಗೇನು ಎಂದು ಮಾಂಬಳ್ಳಿಯವರು ಕೇಳುವಂತಿಲ್ಲ. ಬೆಟ್ಟದ ಹಳ್ಳಗಳು ಇಳಿದು ಸುವರ್ಣಾವತಿಗೆ ಸೇರುತ್ತವೆ. ಹೊನ್ನುಹೊಳೆ ಎಂದೂ ಹೆಸರಾದ ಸುವರ್ಣಾವತಿ ಈ ಬಯಲನ್ನು ದಾಟಿ ಕಾವೇರಿಗೆ ಹೋಗುತ್ತದೆ. ಗದ್ದೆಯ ಭತ್ತ, ಕಬ್ಬು, ತೆಂಗು ಕುಡಿಯುವ ನೀರಿನಲ್ಲಿ ಬೆಟ್ಟದ ಪಾಲಿದೆ. ಬೆಟ್ಟ ಸುಟ್ಟರೆ ಮೊದಲ ಮಳೆಗೆ ಬೂದಿ, ಮಣ್ಣು ಹಳ್ಳದ ಪಾಲಾಗಿ ಕೆರೆಗೆ ಬಂದು ಕೂರುತ್ತವೆ. ಮೇವು ನೀರು ಕೆಟ್ಟರೆ ಆನೆ ಬಯಲಿಗೆ ಇಳಿಯುತ್ತದೆ.

ಮಾಂಬಳ್ಳಿ ರೇಷ್ಮೆ ನೂಲಿನ ಊರು. ಗೂಡು ಬೇಯಿಸುವ ಒಲೆಗೆ ಸೌದೆ ಬೇಕಿತ್ತು. ಊರಿನ ಕಸುಬಿಗೂ ಮರಕ್ಕೂ ಇದ್ದ ನಂಟು ಅಲ್ಲಿಯೂ ಕಾಣುತ್ತದೆ.

ಇತಿಹಾಸದಲ್ಲೂ ಈ ಸೀಮೆಯ ಕಾಡಿಗೆ ಒಬ್ಬನೇ ಯಜಮಾನ ಇರಲಿಲ್ಲ. ಯಳಂದೂರು ದಿವಾನ್ ಪೂರ್ಣಯ್ಯನವರಿಗೆ ಮೈಸೂರು ಅರಸರು ಕೊಟ್ಟ ಜಹಗೀರು. ಪಕ್ಕದ ಕೊಳ್ಳೇಗಾಲ 1956ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಎರಡು ಸರ್ಕಾರ, ಎರಡು ಕಾನೂನು. ಎರಡರ ಅಡಿಯಲ್ಲೂ ಸೋಲಿಗರು ಅದೇ ಎಲ್ಲೆಗಳಲ್ಲಿ ಅದೇ ದೈವಗಳಿಗೆ ನಡೆದುಕೊಂಡರು.

ಸಣ್ಣ ಊರುಗಳಿಗೆ ಲಾಲ್‌ಬಾಗ್ ಇಲ್ಲ. ಇರುವುದು ಗುಂಡುತೋಪು, ಕೆರೆ ಏರಿ, ಗುಡಿಯ ಬನ, ಅರಳಿಕಟ್ಟೆ, ರಸ್ತೆಬದಿಯ ಹುಣಸೆ. ಹಳೆ ಮೈಸೂರಿನ ಊರೂರಿನಲ್ಲಿ ಮಾವು, ಹೊಂಗೆ, ನೇರಳೆ, ಬೇವು ನೆಟ್ಟು ಬೆಳೆಸಿದ ತೋಪುಗಳು ಗಾಡಿ ಬಿಡುವವರಿಗೆ ನೆರಳಾಗಿದ್ದವು, ಮದುವೆ ದಿಬ್ಬಣಕ್ಕೆ ತಂಗುದಾಣವಾಗಿದ್ದವು, ಮಕ್ಕಳಿಗೆ ಕಲ್ಲು ಬೀಸಿ ಹಣ್ಣು ಉದುರಿಸುವ ಜಾಗವಾಗಿದ್ದವು. ಕಂದಾಯ ದಾಖಲೆಯಲ್ಲಿ ಅವಕ್ಕೆ ಸರ್ವೆ ನಂಬರು ಇದೆ. ಎಷ್ಟೋ ಊರುಗಳಲ್ಲಿ ನಂಬರು ಉಳಿದಿದೆ, ಮರ ಉಳಿದಿಲ್ಲ. ಬಸ್ ನಿಲ್ದಾಣ, ಸಮುದಾಯ ಭವನ, ಒತ್ತುವರಿ, ಯಾವುದಕ್ಕೋ ಬಲಿಯಾಗಿದೆ.

ಇದಕ್ಕೂ ಕಾನೂನು ಒಂದು ಉಪಾಯ ಕೊಟ್ಟಿದೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಮರ, ಬಳ್ಳಿ, ಹಕ್ಕಿ, ಮೀನು, ಬೆಳೆಯ ತಳಿ, ಮದ್ದಿನ ತಿಳಿವಳಿಕೆ ಎಲ್ಲವನ್ನೂ ಜನರ ಬಾಯಿಂದಲೇ ಕೇಳಿ ಬರೆದಿಡುವ ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ಎಷ್ಟೋ ಪಂಚಾಯಿತಿಗಳಲ್ಲಿ ಅದನ್ನು ಗಡುವಿನ ಒತ್ತಡಕ್ಕೆ, ಪಕ್ಕದೂರಿನದನ್ನು ನಕಲು ಮಾಡಿ ತುಂಬಿಸಿದ್ದಾರೆ. ಹಾಗೆ ತುಂಬಿಸಿದ ಪುಸ್ತಕದಲ್ಲಿ ಗುಂಡುತೋಪಿನ ಮಾವಿನ ಮರಕ್ಕೆ ಜಾಗ ಸಿಗುವುದಿಲ್ಲ.

ಆ ಪುಸ್ತಕವನ್ನು ಪಂಚಾಯಿತಿ ಕಚೇರಿಯಲ್ಲಿ ಕೇಳಿ ನೋಡಬಹುದು. ಶಾಲೆಯ ಮಕ್ಕಳನ್ನು ಕರೆದುಕೊಂಡು ತೋಪಿಗೆ, ಕೆರೆ ಏರಿಗೆ ಹೋಗಿ ಉಳಿದ ಮರಗಳನ್ನು ಒಂದೊಂದಾಗಿ ಎಣಿಸಿ, ಗ್ರಾಮಸಭೆಯಲ್ಲಿ ಓದಿ, ಅದಕ್ಕೆ ಸೇರಿಸಬಹುದು. ಯಾವ ಮರ ಯಾರ ಕಾಲದ್ದು ಎಂದು ಹೇಳಬಲ್ಲ ಹಿರಿಯರು ಪ್ರತಿ ಊರಿನಲ್ಲೂ ಇನ್ನೂ ಇದ್ದಾರೆ. ಪೋಡಿನವರು ಎಲ್ಲೆ ನಡೆದು ಗುರುತು ಹಾಕಿದ ಕ್ರಮವೂ ಕಣ್ಣೆದುರಿಗಿದೆ. ಅದನ್ನು ಬಲ್ಲವರು ಮಾಂಬಳ್ಳಿಯಿಂದ ಒಂದು ಬಸ್ಸಿನ ದೂರದಲ್ಲಿದ್ದಾರೆ.